ಹತ್ತು, ನಾಲ್ಕು, ಹತ್ತು: ನಕ್ಷೆಯಲ್ಲಿ ಗೋಡೆಗೆ ಜಾಗ ಎಲ್ಲಿ?

ಮನೆಯ ನಕ್ಷೆ ಕುರಿತು ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತವೆ. ಹಿಂದೆಯೂ ಉತ್ತರಿಸಿದ್ದೇನೆ. ಆದರೂ ಜನ ಗೋಡೆ ಎದ್ದ ಮೇಲೆ ಬರೆಯುತ್ತಾರೆ, ಕೆಲವರಂತೂ ಗೃಹಪ್ರವೇಶ ಮುಗಿಸಿ ಬರೆಯುತ್ತಾರೆ. ಆ ಹೊತ್ತಿಗೆ ನಾನು ಹೇಳಬಹುದಾದದ್ದು ಬಹಳ ಕಡಿಮೆ. ಅದಕ್ಕಾಗಿ ಈ ಸಲ ಹೆಚ್ಚಿನ ಜಾಗ ಆ ಒಂದು ಪ್ರಶ್ನೆಗೆ. ಉಳಿದವರು ಬೇಸರಿಸಬಾರದು.

ಪ್ರಶ್ನೆ: ನಮ್ಮದು 30×40 ಸೈಟು. ಎರಡೂ ಪಕ್ಕ ಮೂರು ಮೂರು ಅಡಿ ಬಿಟ್ಟು 24 ಅಡಿ ಅಗಲಕ್ಕೆ ಮನೆ ಕಟ್ಟಿಸಿದ್ದೇವೆ. ಹಿಂಭಾಗದಲ್ಲಿ ಸಾಲಾಗಿ 10 ಅಡಿಯ ಮಲಗುವ ಕೋಣೆ, 4 ಅಡಿಯ ಬಚ್ಚಲು, ಮತ್ತೆ 10 ಅಡಿಯ ಕೋಣೆ ಎಂದು ನಕ್ಷೆಯಲ್ಲಿತ್ತು. ಈಗ ಅಳೆದರೆ ಕೋಣೆ 9 ಅಡಿಯೂ ಇಲ್ಲ. ಮಂಚ ಹಾಕಿದರೆ ಬೀರುವಿನ ಬಾಗಿಲು ತೆರೆಯುವುದಿಲ್ಲ. ಮೇಸ್ತ್ರಿ ಮೋಸ ಮಾಡಿದನೇ?

ಇಲ್ಲ. ಮೇಸ್ತ್ರಿಯನ್ನು ಬಯ್ಯಬೇಡಿ. ಹತ್ತು, ನಾಲ್ಕು, ಹತ್ತು ಕೂಡಿ. ಸರಿಯಾಗಿ 24 ಬರುತ್ತದೆ. ಹಾಗಾದರೆ ಗೋಡೆಗಳನ್ನು ಎಲ್ಲಿ ಕಟ್ಟಬೇಕಿತ್ತು?

ಲೆಕ್ಕ ಹಾಕೋಣ. ಆಚೆ ಈಚೆ ಎರಡು ಹೊರಗೋಡೆ, ತಲಾ 9 ಇಂಚು: 18 ಇಂಚು. ನಡುವೆ ಎರಡು ಒಳಗೋಡೆ, ತಲಾ ನಾಲ್ಕೂವರೆ ಇಂಚು: 9 ಇಂಚು. ಅಲ್ಲಿಗೆ 27 ಇಂಚು ಹೋಯಿತು. ಮೂರು ಕೋಣೆಗಳ ಒಳಮೈ ಒಟ್ಟು ಆರು. ಪ್ರತಿಯೊಂದಕ್ಕೂ ಅರ್ಧ ಇಂಚು ಪ್ಲಾಸ್ಟರ್ ಎಂದರೂ ಇನ್ನೂ 3 ಇಂಚು. ಒಟ್ಟು 30 ಇಂಚು, ಅಂದರೆ ಎರಡೂವರೆ ಅಡಿ. ಉಳಿದದ್ದು ಇಪ್ಪತ್ತೊಂದೂವರೆ ಅಡಿ. ಬಚ್ಚಲನ್ನು 4 ಅಡಿಗಿಂತ ಕಿರಿದು ಮಾಡಿದರೆ ಒಳಗೆ ತಿರುಗುವುದೇ ಕಷ್ಟ ಎಂದು ಗೊತ್ತಿದ್ದ ನಿಮ್ಮ ಮೇಸ್ತ್ರಿ ಅದನ್ನು ಮುಟ್ಟಿಲ್ಲ. ಮಿಕ್ಕ ಹದಿನೇಳೂವರೆ ಅಡಿಯನ್ನು ಸಮವಾಗಿ ಹಂಚಿದ್ದಾನೆ. ಕೋಣೆಗೆ 8 ಅಡಿ 9 ಇಂಚು ಬಂದಿದೆ. ಆರೂವರೆ ಅಡಿ ಉದ್ದದ ಮಂಚವನ್ನು ಆ ಅಗಲಕ್ಕೆ ಹಾಕಿ, ಅದರ ಕಾಲ ಬಳಿ 2 ಅಡಿ ಆಳದ ಬೀರು ನಿಲ್ಲಿಸಿದರೆ ಎಂಟೂವರೆ ಅಡಿ ಆಯಿತು. ಉಳಿಯುವುದು 3 ಇಂಚು. ಅಷ್ಟರಲ್ಲಿ ಮನುಷ್ಯ ನಿಲ್ಲುವುದಿರಲಿ, ಅಂಗೈಯನ್ನು ಅಡ್ಡ ಹಿಡಿಯಲೂ ಆಗುವುದಿಲ್ಲ.

ತಪ್ಪು ನಕ್ಷೆ ಬರೆದವರದು. ನಿಮಗೆ ಆ ನಕ್ಷೆ ಮೊಬೈಲಿನಲ್ಲಿ ಬಂದದ್ದು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮೊದಲ ಸಾಲಿನಲ್ಲೇ ಬರೆಯಬೇಕಿದ್ದ ಸಂಗತಿ ಅದು. ಬಣ್ಣ ತುಂಬಿ, ಸೋಫಾ ಚಿತ್ರ ಅಂಟಿಸಿ, ಗೋಡೆಗೆ ಒಂದು ಕಪ್ಪು ಗೆರೆ ಎಳೆದು ಹಂಚುವ ಇಂಥ ಚಿತ್ರಗಳನ್ನು ನಕ್ಷೆ ಎಂದು ಕರೆಯುವುದೇ ತಪ್ಪು. ಗೋಡೆಯನ್ನು ಎರಡು ಗೆರೆಗಳಲ್ಲಿ, ಅದರ ನಿಜವಾದ ದಪ್ಪಕ್ಕೆ ಬರೆಯದ ಕಾಗದವನ್ನು ನಂಬಿ ಒಂದು ಇಟ್ಟಿಗೆಯನ್ನೂ ಇಡಬೇಡಿ. ಜೀವಮಾನದ ಉಳಿತಾಯ ಸುರಿಯುವ ಕಡೆ ಉಚಿತ ನಕ್ಷೆ ಕೊಡುವವರು ನಿಮಗೆ ಉಪಕಾರ ಮಾಡುತ್ತಿಲ್ಲ.

ನಕ್ಷೆಯಲ್ಲಿ ಅಳತೆ ಕಂಡ ತಕ್ಷಣ ಕೇಳಬೇಕಾದ ಮಾತು ಒಂದೇ: ಇದು ಎಲ್ಲಿಂದ ಎಲ್ಲಿಗೆ? ಗೋಡೆಯ ಒಳಮೈಯಿಂದ ಒಳಮೈಗೋ, ಹೊರಮೈಯಿಂದ ಹೊರಮೈಗೋ, ಗೋಡೆಯ ನಡುಗೆರೆಯಿಂದ ನಡುಗೆರೆಗೋ? ಪಾಯದ ಗುರುತು ಹಾಕುವವರಿಗೆ ನಡುಗೆರೆಯ ಅಳತೆ ಬೇಕು. ಮನೆಯಲ್ಲಿ ಬಾಳುವವರಿಗೆ ಬೇಕಾದದ್ದು ಒಳ ಅಳತೆ. ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸಿ ಬರೆದ ನಕ್ಷೆಗಳು ಪ್ರತಿ ತಿಂಗಳೂ ನನ್ನ ಮೇಜಿಗೆ ಬರುತ್ತವೆ. ಪರೀಕ್ಷೆ ಸುಲಭ. ಒಂದು ತುದಿಯಿಂದ ಇನ್ನೊಂದು ತುದಿಗೆ ಗೋಡೆ, ಕೋಣೆ, ಗೋಡೆ, ಕೋಣೆ ಎಂದು ಪ್ರತಿಯೊಂದನ್ನೂ ಕೂಡುತ್ತಾ ಹೋಗಿ. ಮೊತ್ತ ಹೊರ ಅಳತೆಗೆ ತಾಳೆಯಾಗದಿದ್ದರೆ ಗುದ್ದಲಿ ಪೂಜೆಯ ದಿನಾಂಕವನ್ನು ಮುಂದಕ್ಕೆ ಹಾಕಿ.

ಕಂಬಗಳನ್ನೂ ಮರೆಯಬೇಡಿ. 9×12 ಇಂಚಿನ ಕಂಬ ನಾಲ್ಕೂವರೆ ಇಂಚಿನ ಗೋಡೆಯೊಳಗೆ ಅಡಗುವುದಿಲ್ಲ. ಅದು ಯಾವುದಾದರೂ ಒಂದು ಕೋಣೆಯ ಮೂಲೆಗೆ ಚಾಚಿಕೊಳ್ಳಲೇಬೇಕು. ಬೀರು ನಿಲ್ಲುವ ಮೂಲೆಗೆ ಅದು ಬಂದರೆ ಬೀರು ಅಲ್ಲಿ ಕೂರುವುದಿಲ್ಲ.

"ಕನಿಷ್ಠ ಅಳತೆ ಇದೆಯಲ್ಲ, ಮಂಜೂರಾತಿಯೂ ಸಿಕ್ಕಿದೆಯಲ್ಲ" ಎಂದು ಕೇಳಿದ್ದೀರಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಒಂದೇ ವಾಸದ ಕೋಣೆಯಿದ್ದರೆ ಅದಕ್ಕೆ ಹೇಳುವುದು ಕನಿಷ್ಠ 9.5 ಚದರ ಮೀಟರ್ ವಿಸ್ತೀರ್ಣ, 2.4 ಮೀಟರ್ ಅಗಲ; ಎರಡನೆಯ ಕೋಣೆಗೆ ಇನ್ನೂ ಕಡಿಮೆ ಸಾಕು. 2.4 ಮೀಟರ್ ಎಂದರೆ 8 ಅಡಿಯೂ ಆಗುವುದಿಲ್ಲ. ನಿಯಮದ ಪ್ರಕಾರ ನಿಮ್ಮ ಕೋಣೆಯ ಅಗಲ ಸರಿಯಾಗಿಯೇ ಇದೆ. ಆದರೆ ಮಂಚ, ಬೀರು ಎಲ್ಲಿ ಎಂದು ನಿಯಮ ಕೇಳುವುದಿಲ್ಲ, ನೀವು ಕೇಳಬೇಕಿತ್ತು.

ಈಗ ಏನು ಮಾಡಬಹುದು? ಮಂಚವನ್ನು ತಿರುಗಿಸಿ, ಕೋಣೆಯ ಉದ್ದಕ್ಕೆ ಹಾಕಿ. 5 ಅಡಿ ಅಗಲದ ಮಂಚ ಆದರೆ ಪಕ್ಕದಲ್ಲಿ ಮೂರೂಮುಕ್ಕಾಲು ಅಡಿ ಓಡಾಟಕ್ಕೆ ಸಿಗುತ್ತದೆ. ಬೀರುವನ್ನು ಕಾಲ ಕಡೆಯ ಗೋಡೆಗೆ ಸರಿಸಿ. ಅಲ್ಲಿ ಬಾಗಿಲು ನಟ್ಟನಡುವೆ ಇದ್ದರೆ ಅದನ್ನು ಕಿತ್ತು ಮೂಲೆಗೆ ತರಬೇಕಾಗುತ್ತದೆ. ಖರ್ಚಿನ ಮಾತು ನಿಜ. ಆದರೆ ಮೂವತ್ತು ವರ್ಷ ಪಕ್ಕಕ್ಕೆ ವಾಲಿಕೊಂಡು ಓಡಾಡುವುದಕ್ಕಿಂತ ಅದು ಮೇಲು. ಬಚ್ಚಲಿನ ಗೋಡೆ ಒಡೆಯುವ ಯೋಚನೆ ಮಾತ್ರ ಬಿಡಿ. ನೀರಿನ ಕೊಳವೆ, ತಗ್ಗಿಸಿದ ಸ್ಲ್ಯಾಬು, ನೀರು ಸೋರದಂತೆ ಹಾಕಿದ ಲೇಪ ಎಲ್ಲವೂ ಅಲ್ಲಿಯೇ ಇವೆ.

ಮನೆ ಕಟ್ಟಲು ಇನ್ನೂ ಹೊರಡದವರಿಗೆ ಒಂದು ಮಾತು. ನಾನು ಮಂಚ, ಬೀರು, ಊಟದ ಮೇಜು, ಫ್ರಿಜ್ಜು ಇವುಗಳನ್ನು ನಿಜವಾದ ಅಳತೆಗೆ ಬರೆಯದೆ ಯಾವ ನಕ್ಷೆಗೂ ಸಹಿ ಹಾಕುವುದಿಲ್ಲ. ಕೆಲಸ ಆರಂಭಿಸಿದ ಹೊಸತರಲ್ಲಿ ಒಂದು ಮನೆಯಲ್ಲಿ ವಯಸ್ಸಾದ ತಾಯಿಯ ಕೋಣೆಗೆ ಎರಡೂವರೆ ಅಡಿಯ ಬಾಗಿಲು ಇಟ್ಟಿದ್ದೆ. ವರ್ಷದೊಳಗೆ ಅವರು ಗಾಲಿಕುರ್ಚಿ ಹಿಡಿದರು. ಕುರ್ಚಿಯ ಚಕ್ರದ ಬಳೆಗೆ ಕೈ ಹಾಕಿ ತಳ್ಳಿದಾಗಲೆಲ್ಲ ಅವರ ಗೆಣ್ಣು ಚೌಕಟ್ಟಿಗೆ ಉಜ್ಜಿ ಉಜ್ಜಿ ಸಿಪ್ಪೆ ಎದ್ದಿದ್ದನ್ನು ನೋಡಿದ್ದೇನೆ. ಅಂದಿನಿಂದ ಮನೆಯವರು ಬೇಡವೆಂದರೂ ಯಾವ ಕೋಣೆಗೂ 3 ಅಡಿಗಿಂತ ಕಿರಿದಾದ ಬಾಗಿಲನ್ನು ನಾನು ಬರೆದಿಲ್ಲ.

ಕಾಗದ ಅರ್ಥವಾಗದಿದ್ದರೆ ಖಾಲಿ ಸೈಟಿನಲ್ಲಿ ರಂಗೋಲಿ ಪುಡಿಯಿಂದ ಕೋಣೆಗಳನ್ನು ಒಳ ಅಳತೆಗೆ ಬರೆಯಿರಿ. ಮಂಚದ ಅಳತೆಗೆ ಚಾಪೆ ಹಾಸಿ. ಮನೆಮಂದಿಯೆಲ್ಲ ಒಳಗೆ ನಡೆದಾಡಲಿ, ಅಡುಗೆ ಮಾಡುವವರು ಒಲೆಯ ಜಾಗದಿಂದ ಪಾತ್ರೆ ತೊಳೆಯುವ ಜಾಗಕ್ಕೆ ನಾಲ್ಕು ಸಲ ಹೋಗಿ ಬರಲಿ.

ಪ್ರಶ್ನೆ: ಮೆಟ್ಟಿಲಿಗೆ 6×6 ಅಡಿ ಬಿಟ್ಟಿದ್ದೇವೆ, ಸಾಕೇ?

ಸಾಲದು. ನೆಲದಿಂದ ಮೇಲಂತಸ್ತಿನ ನೆಲಕ್ಕೆ 10 ಅಡಿ ಎಂದರೆ 120 ಇಂಚು. 18 ಮೆಟ್ಟಿಲಾದರೆ ಒಂದೊಂದರ ಎತ್ತರ ಆರೂಮುಕ್ಕಾಲು ಇಂಚಿನ ಒಳಗೆ ಬರುತ್ತದೆ, ಮಂಡಿಗೆ ಹಿತ. ನಡುವೆ ತಿರುಗುವ ಮೆಟ್ಟಿಲಾದರೆ ಒಂದು ಸಾಲಿಗೆ ಒಂಬತ್ತು ಏರು, ಎಂಟು ಪಾವಟಿಗೆ (ಕಾಲಿಡುವ ಹಾಸು). ಪಾವಟಿಗೆ 10 ಇಂಚು ಎಂದರೆ 80 ಇಂಚು, ಜೊತೆಗೆ ತಿರುಗುವ ಕಡೆ 3 ಅಡಿ. ಅಲ್ಲಿಗೇ ಹತ್ತಿರ ಹತ್ತಿರ 10 ಅಡಿ ಉದ್ದ ಆಯಿತು. 6 ಅಡಿಯಲ್ಲಿ ತುರುಕಿದರೆ ಅದು ಏಣಿಯಾಗುತ್ತದೆ. ಮೂಲೆಯಲ್ಲಿ ತ್ರಿಕೋನದ ಮೆಟ್ಟಿಲು ಹಾಕಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಕ್ಕಳು, ಮುದುಕರು ಕಾಲು ಜಾರಿ ಬೀಳುವುದು ಅಲ್ಲೇ.

ಪ್ರಶ್ನೆ: ಆಯ (ವಾಸ್ತುವಿನ ಶುಭ ಅಳತೆಯ ಲೆಕ್ಕ) ಕೂಡಿಬರಲು ಹಜಾರದ ಅಗಲವನ್ನು 5 ಇಂಚು ಕಡಿಮೆ ಮಾಡಿ ಎಂದಿದ್ದಾರೆ. ಮಾಡಲೇ?

ನಿಮ್ಮ ನಂಬಿಕೆ ನಿಮ್ಮದು, ಅದರ ತಂಟೆಗೆ ಬರುವುದಿಲ್ಲ. ಆದರೆ ಹೇಳಿದವರನ್ನು ಕೇಳಿ: ಅಳತೆ ಗೋಡೆಯ ಹೊರಗಿನದೋ ಒಳಗಿನದೋ, ಪ್ಲಾಸ್ಟರಿಗೆ ಮೊದಲಿನದೋ ನಂತರದ್ದೋ? ನಾನು ಕೇಳಿದ ಇಬ್ಬರು ಎರಡು ಉತ್ತರ ಕೊಟ್ಟಿದ್ದಾರೆ. ಆಯ ನೋಡಿಸುವುದಿದ್ದರೆ ನಕ್ಷೆ ಬರೆಯುವ ಮೊದಲೇ ನೋಡಿಸಿ. ಪಾಯ ಎದ್ದ ಮೇಲೆ ಬಂದು ಬಚ್ಚಲನ್ನು ಕಿತ್ತು ಇನ್ನೊಂದು ಮೂಲೆಗೆ ಒಯ್ಯಿರಿ ಎಂದು ಹೆದರಿಸಿ ದುಡ್ಡು ಕೀಳುವವರನ್ನು ಮನೆಯೊಳಗೆ ಬಿಡಬೇಡಿ.

ಪ್ರಶ್ನೆ: ನಕ್ಷೆಯ ಮುದ್ರಿತ ಪ್ರತಿಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ಅಳತೆ ಹೊಂದುತ್ತಿಲ್ಲ.

ಅಳೆಯಬೇಡಿ. ಮುದ್ರಿಸುವಾಗ ಹಾಳೆಗೆ ತಕ್ಕಂತೆ ಕುಗ್ಗಿರುತ್ತದೆ. ಬರೆದ ಅಂಕಿಯನ್ನು ನಂಬಿ.

ಪ್ರಶ್ನೆ: ಗವಾಕ್ಷಿಯನ್ನು (ಗೋಡೆಯ ಮೇಲ್ಭಾಗದ ಗಾಳಿಕಿಂಡಿ) ಚುಕ್ಕಿಗೆರೆಯಲ್ಲಿ ಏಕೆ ತೋರಿಸಿದ್ದಾರೆ?

ನಕ್ಷೆ ಎಂದರೆ ಮನೆಯನ್ನು ಸುಮಾರು 4 ಅಡಿ ಎತ್ತರದಲ್ಲಿ ಅಡ್ಡಲಾಗಿ ಕೊಯ್ದು ಮೇಲಿನಿಂದ ನೋಡಿದ ನೋಟ. ಗವಾಕ್ಷಿ ಆ ಕೊಯ್ತಕ್ಕಿಂತ ಮೇಲಿದೆ, ಅದಕ್ಕೇ ಚುಕ್ಕಿಗೆರೆ.

ಪ್ರಶ್ನೆ: ಪಕ್ಕದ ಮನೆಯವರ ನಕ್ಷೆಯನ್ನೇ ಬಳಸಬಹುದೇ? ಅವರದು ಪೂರ್ವದ ರಸ್ತೆ, ನಮ್ಮದು ಪಶ್ಚಿಮ.

ಬೇಡ. ಅವರ ಹಜಾರಕ್ಕೆ ಬೆಳಗಿನ ಬಿಸಿಲು, ನಿಮ್ಮದಕ್ಕೆ ಏಪ್ರಿಲ್ ತಿಂಗಳ ನಾಲ್ಕು ಗಂಟೆಯ ಬಿಸಿಲು.