ಯಾನ್ ಹುಸ್ ಅವರ ನಾಡಿನಲ್ಲಿ ಚರ್ಚುಗಳು ಬರಿದಾದದ್ದೇಕೆ?

ಪ್ರಶ್ನೆ: ಧರ್ಮಸುಧಾರಕ ಯಾನ್ ಹುಸ್ ಹುತಾತ್ಮರಾದ ಜುಲೈ 6 ಜೆಕ್ ಗಣರಾಜ್ಯದಲ್ಲಿ ಸಾರ್ವತ್ರಿಕ ರಜಾದಿನ. ಆದರೂ ಯೂರೋಪಿನಲ್ಲಿ ಧರ್ಮದಿಂದ ಅತಿ ದೂರ ಸರಿದ ದೇಶಗಳಲ್ಲಿ ಅದೂ ಒಂದು. ಇದು ಹುಸ್ ಅವರ ಸೋಲೇ? ಅಲ್ಲಿ ಕ್ರೈಸ್ತ ಧರ್ಮ ಮತ್ತೆ ಚಿಗುರುವ ಲಕ್ಷಣವಿದೆಯೇ? — ಓದುಗರೊಬ್ಬರು, ಧಾರವಾಡ

ಉತ್ತರ: ಸೋಲೆನ್ನಲಾಗದು. ಆದರೆ ಜೆಕ್ ಜನ ಹುಸ್ ಅವರನ್ನು ನೆನೆಯುವ ಬಗೆಗೂ ಅವರ ಚರ್ಚುಗಳು ಬರಿದಾಗಿರುವುದಕ್ಕೂ ಸಂಬಂಧವಿದೆ. 1402ರಿಂದ ಪ್ರಾಗ್‌ನ ಬೆತ್ಲೆಹೆಮ್ ಪ್ರಾರ್ಥನಾ ಮಂದಿರದಲ್ಲಿ ಜನರ ನುಡಿಯಾದ ಜೆಕ್‌ನಲ್ಲೇ ಬೋಧಿಸುತ್ತಿದ್ದ, 1412ರಲ್ಲಿ ಪಾಪದ ಶಿಕ್ಷೆ ಕಳೆಯುತ್ತದೆಂದು ಹಣಕ್ಕೆ ನೀಡುತ್ತಿದ್ದ ಪಾಪವಿಮೋಚನಾ ಪತ್ರಗಳ ಮಾರಾಟವನ್ನು ಬಹಿರಂಗವಾಗಿ ಖಂಡಿಸಿದ ಈ ಗುರುವನ್ನು (ಪಾದ್ರಿಯನ್ನು), ಸಿಗಿಸ್ಮಂಡ್ ದೊರೆಯ ಅಭಯಪತ್ರವಿದ್ದರೂ, ಕಾನ್‌ಸ್ಟನ್ಸ್ ನಗರದಲ್ಲಿ ಸೇರಿದ್ದ ಕ್ಯಾಥೊಲಿಕ್ ಧರ್ಮಸಭೆ ಧರ್ಮದ್ರೋಹಿಯೆಂದು ತೀರ್ಮಾನಿಸಿದ ಮೇಲೆ 1415ರಲ್ಲಿ ಜೀವಂತವಾಗಿ ಸುಡಲಾಯಿತು. ಅವರ ಅನುಯಾಯಿಗಳು ಯೇಸುವಿನ ಕೊನೆಯ ಊಟವನ್ನು ನೆನೆಯುವ ಪ್ರಭುಭೋಜನದ ದ್ರಾಕ್ಷಾರಸ ಗುರುಗಳಿಗಷ್ಟೇ ಅಲ್ಲ, ಎಲ್ಲ ವಿಶ್ವಾಸಿಗಳಿಗೂ ಸಲ್ಲಬೇಕೆಂದು ಪಟ್ಟು ಹಿಡಿದರು, ಅದಕ್ಕಾಗಿ ಯುದ್ಧಗಳನ್ನೂ ಮಾಡಿದರು.

1620ರಲ್ಲಿ ಪ್ರಾಗ್ ಬಳಿಯ ಬಿಳಿ ಬೆಟ್ಟದ ಕದನದಲ್ಲಿ ಹುಸ್ ಪರಂಪರೆಯವರೂ ಸೇರಿದ್ದ ಪ್ರೊಟೆಸ್ಟೆಂಟರು (ರೋಮ್‌ನಿಂದ ಬೇರೆಯಾದ ಕ್ರೈಸ್ತರು) ಸೋತಾಗ ಎಲ್ಲವೂ ತಲೆಕೆಳಗಾಯಿತು. ಕ್ಯಾಥೊಲಿಕರಾಗಬೇಕು, ಇಲ್ಲವೇ ನಾಡು ಬಿಡಬೇಕು ಎಂಬ, ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಒತ್ತಾಯಕ್ಕೆ ಸಿಲುಕಿ ಶಿಕ್ಷಣ ಚಿಂತಕ ಕೊಮೆನಿಯಸ್ ಅವರಂಥವರು ದೇಶಾಂತರ ಹೋದರು. 1781ರಲ್ಲಿ ಅದೇ ವಂಶದ ಚಕ್ರವರ್ತಿ ಎರಡನೆಯ ಜೋಸೆಫ್ ಸಹಿಷ್ಣುತೆಯ ಆಜ್ಞೆ ಹೊರಡಿಸುವವರೆಗೂ ಪ್ರೊಟೆಸ್ಟೆಂಟ್ ಆರಾಧನೆ ಗುಟ್ಟಾಗಿಯೇ ನಡೆಯಬೇಕಾಯಿತು. ಆಳುವವರ ಧರ್ಮವೆಂದು ಜನ ಚರ್ಚನ್ನು ಅನುಮಾನಿಸತೊಡಗಿದ್ದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಎಣಿಕೆ.

ಹತ್ತೊಂಬತ್ತನೆಯ ಶತಮಾನದ ರಾಷ್ಟ್ರವಾದಿಗಳು ಈ ಅನುಮಾನಕ್ಕೆ ಹುಸ್ ಅವರನ್ನೇ ಧ್ವಜವಾಗಿಸಿದರು. 1915ರಲ್ಲಿ ಪ್ರಾಗ್‌ನ ಹಳೆಯ ಪೇಟೆಯ ಚೌಕದಲ್ಲಿ ಅವರ ಸ್ಮಾರಕ ನಿಂತಿತು. ಮುಂದೆ ಮೊದಲ ಅಧ್ಯಕ್ಷ ಮಸಾರಿಕ್ ಅವರ ಜೆಕೊಸ್ಲೊವಾಕಿಯಾ ಗಣರಾಜ್ಯದಲ್ಲಿ ಹುಸ್ ಪರಂಪರೆಗೆ ಸೇರಿದ ‘ಸತ್ಯವೇ ಗೆಲ್ಲುತ್ತದೆ’ ಎಂಬ ಮಾತು ಅಧ್ಯಕ್ಷರ ಧ್ವಜವೇರಿತು. ಆಮೇಲೆ ಆಳಿದ ಕಮ್ಯುನಿಸ್ಟರ ನಡೆ ಇನ್ನೂ ವಿಚಿತ್ರ: 1950ರಲ್ಲಿ ಸನ್ಯಾಸಿ ಮಠಗಳಿಗೆ ಬೀಗ ಜಡಿದ ಅದೇ ಸರ್ಕಾರ, ಹುಸ್ ಬಡವರ ಪರವಾದ ಕ್ರಾಂತಿಕಾರಿ ಎಂಬ ನೆಪದಲ್ಲಿ ಬೆತ್ಲೆಹೆಮ್ ಮಂದಿರವನ್ನು ಹೊಸದಾಗಿ ಕಟ್ಟಿಸಿತು. ಹೀಗೆ ಹುಸ್ ಉಳಿದರು, ಅವರು ನಂಬಿದ್ದ ದೇವರು ಬದಿಗೆ ಸರಿದ.

2021ರ ಜನಗಣತಿಯಲ್ಲಿ ಸುಮಾರು 48 ಶೇಕಡಾ ಜನ ತಮಗೆ ಧರ್ಮವಿಲ್ಲ ಎಂದರು. ರೋಮನ್ ಕ್ಯಾಥೊಲಿಕ್ ಸಭೆಗೆ (ಚರ್ಚ್ ಸಂಘಟನೆಗೆ) ಸೇರಿದವರೆಂದು ಬರೆಸಿದವರು ಸುಮಾರು 7.4 ಲಕ್ಷ, ಹುಸ್ ಪರಂಪರೆಯ ಜೆಕ್ ಸಹೋದರರ ಇವ್ಯಾಂಜೆಲಿಕಲ್ ಸಭೆಗೆ 32 ಸಾವಿರದಷ್ಟು, 1920ರಲ್ಲಿ ಹುಟ್ಟಿದ ಹುಸೈಟ್ ಸಭೆಗೆ 23 ಸಾವಿರದಷ್ಟು ಜನ. ಆದರೆ ನಂಬಿಕೆಯುಂಟು, ಯಾವ ಸಭೆಗೂ ಸೇರಿಲ್ಲ ಎಂದವರು 9 ಲಕ್ಷಕ್ಕೂ ಹೆಚ್ಚು ಎಂಬುದನ್ನು, ಖಾಲಿ ಪೀಠಗಳ ಚಿತ್ರವನ್ನಷ್ಟೇ ತೋರಿಸುವವರು ಮರೆಯುತ್ತಾರೆ.

ಚಿಗುರು ಕಾಣುವುದು ಈ ಅಂಚಿನಲ್ಲಿಯೇ. ಕಮ್ಯುನಿಸ್ಟರ ಕಾಲದಲ್ಲಿ, 1978ರಲ್ಲಿ ಗುಟ್ಟಾಗಿ ಗುರುದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿ ತೋಮಾಶ್ ಹಾಲಿಕ್, ಚಾರ್ಲ್ಸ್ ಸೇತುವೆಯ ಬಳಿಯ ಚರ್ಚಿನಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುತ್ತ, ಸಭೆಯು ತನ್ನೊಳಗೆ ನೆಲೆನಿಂತವರಿಗಷ್ಟೇ ಅಲ್ಲ, ಇನ್ನೂ ಹುಡುಕುತ್ತಿರುವವರಿಗೂ ಜೊತೆಯಾಗಬೇಕೆಂದು ವಾದಿಸಿದರು. 2012ರ ಕಾನೂನಿನಂತೆ ಸರ್ಕಾರವು ಸಭೆಗಳಿಗೆ ಕಮ್ಯುನಿಸ್ಟರು ಕಸಿದಿದ್ದ ಆಸ್ತಿಯನ್ನೂ ಪರಿಹಾರವನ್ನೂ ಕೊಟ್ಟು, ಗುರುಗಳ ಸಂಬಳಕ್ಕೆ ಕೊಡುತ್ತಿದ್ದ ಹಣವನ್ನು ವರ್ಷವರ್ಷ ಇಳಿಸುತ್ತಿದೆ. ಸದಸ್ಯರ ಕಾಣಿಕೆಯನ್ನೇ ಹೆಚ್ಚೆಚ್ಚು ನೆಚ್ಚಿ ಸಭಾಪಾಲಕರನ್ನು ಸಾಕಬೇಕಾದ ಈ ಸ್ಥಿತಿ ಸಣ್ಣ ಸಭೆಗಳಿಗೆ ಕಷ್ಟವೇ. ಆದರೆ ಗುರುವರ್ಗದ ಸಂಪತ್ತನ್ನು ಟೀಕಿಸಿದ ಹುಸ್ ಅವರಿಗೆ ಸ್ಮಾರಕಕ್ಕಿಂತ ಇದು ಹೆಚ್ಚು ಹಿಡಿಸುತ್ತಿತ್ತು.

ಪ್ರಶ್ನೆ: ರೋಮ್ ತನ್ನ ನಿಲುವನ್ನು ಬದಲಿಸಿದೆಯೇ? — ಓದುಗರೊಬ್ಬರು, ಮಂಗಳೂರು

ಉತ್ತರ: 1999ರ ಡಿಸೆಂಬರ್‌ನಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಹುಸ್ ಅವರ ಕ್ರೂರ ಮರಣಕ್ಕೆ ಆಳವಾದ ವಿಷಾದ ಸೂಚಿಸಿದರು. ಅದು ವಿಷಾದವೇ ಹೊರತು ಸಂತಪದವಿಯಲ್ಲ.

ಪ್ರಶ್ನೆ: ಲಡಾಖಿನ ಲೇಹ್‌ನಲ್ಲಿರುವ ಮೊರೇವಿಯನ್ ಚರ್ಚಿಗೂ ಹುಸ್ ಅವರಿಗೂ ನಂಟಿದೆಯೇ? — ಓದುಗರೊಬ್ಬರು, ಮೈಸೂರು

ಉತ್ತರ: ಇದೆ. 1457ರಲ್ಲಿ ಹುಸ್ ಅನುಯಾಯಿಗಳಿಂದ ಮೂಡಿದ ಸಹೋದರರ ಒಕ್ಕೂಟದ ಉಳಿದ ಕೆಲವರು ಜೆಕ್ ನಾಡಿನ ಪೂರ್ವಭಾಗವಾದ ಮೊರೇವಿಯಾದಿಂದ ತಪ್ಪಿಸಿಕೊಂಡು, 1722ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಜಿನ್ಜೆನ್‌ಡಾರ್ಫ್ ಪ್ರಭುವಿನ ಜಮೀನಿನಲ್ಲಿ ಹೆರ್ನ್‌ಹುಟ್ ಎಂಬ ಊರು ಕಟ್ಟಿದರು. ಅಲ್ಲಿಂದ ಹೊರಟ ಮಿಷನರಿಗಳ ಪರಂಪರೆ ಲಾಹೌಲಿನ ಕೇಲಾಂಗ್‌ಗೂ 1885ರಲ್ಲಿ ಲೇಹ್‌ಗೂ ಬಂತು. ಅಲ್ಲಿನ ಸಭೆ ಚಿಕ್ಕದಾದರೂ ಇಂದಿಗೂ ಆರಾಧನೆ ನಡೆಸುತ್ತಿದೆ, ಶಾಲೆಯನ್ನೂ ನಡೆಸುತ್ತಿದೆ.