ನಿಮ್ಮ ತಮ್ಮ ಗೆರೆ ಎಳೆದ ಸಾಲು ಯಾವುದು?

ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಉತ್ತರ ಬರೆಯಲು ಕೈ ಬರಲಿಲ್ಲ. ಮನೋರೋಗ ಅನ್ನೋದೇ ಇಲ್ಲ, ಮನಸ್ಸುಗಳು ಬಗೆಬಗೆಯಾಗಿರುತ್ತವೆ ಅಷ್ಟೇ ಎಂದು ಹೇಳುವ ಲೇಖನವೊಂದನ್ನು ಕಳೆದ ಸಂಚಿಕೆಯಲ್ಲಿ ಹಾಕಿದ್ದೆವು. ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಬೈಪೋಲಾರ್ ಇರುವ ನಿಮ್ಮ ತಮ್ಮ ಅದನ್ನು ಗೆರೆ ಎಳೆದು ಓದಿ, ನಿಮ್ಮ ಕೈಗಿಟ್ಟು, "ಇನ್ಮೇಲೆ ಲಿಥಿಯಂ ಬೇಡ" ಅಂದರಂತೆ. ಹೋದ ಸಲ ಹೀಗೇ ಆ ಮಾತ್ರೆ ಬಿಟ್ಟಾಗ ನಾಲ್ಕು ರಾತ್ರಿ ನಿದ್ದೆ ಮಾಡದೆ, ಬೆಳಗಿನ ಜಾವ ಮೂರಕ್ಕೆ ಅಡುಗೆಮನೆಯ ಪಾತ್ರೆಗಳನ್ನೆಲ್ಲ ನೆಲಕ್ಕಿಳಿಸಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತ, "ಅಕ್ಕಾ, ಈಗ ನಂಗೆ ಎಲ್ಲ ಅರ್ಥ ಆಗ್ತಿದೆ" ಅಂದಿದ್ದನ್ನೂ ಬರೆದಿದ್ದೀರಿ. ಇದನ್ನೂ ವೈವಿಧ್ಯ ಅನ್ನಬೇಕಾ ಅಂತ ಕೇಳಿದ್ದೀರಿ.

ಮೊದಲು ತುರ್ತಿನ ಮಾತು. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಅಪಾಯ ಜಾಸ್ತಿ. ಬಿಡುವುದೇ ಆದರೂ ಡಾಕ್ಟರನ್ನು ಕೇಳಿಕೊಂಡು ನಿಧಾನವಾಗಿ ಇಳಿಸಬೇಕು. ಈ ಸಾಲು ನಮ್ಮ ಲೇಖನದಲ್ಲಿ ಇರಬೇಕಿತ್ತು. ಇರಲಿಲ್ಲ. ಆ ತಪ್ಪು ನನ್ನದು.

ಆದರೆ ಲೇಖನ ಹಾಕಿದ್ದೇ ತಪ್ಪು ಅಂದರೆ ಒಪ್ಪಲಾರೆ. ಕಾಯಿಲೆಗಳ ಪಟ್ಟಿ ಬರೆದವರು ಎಡವಿದ್ದು ಒಂದೆರಡು ಸಲ ಅಲ್ಲ. ಗುಲಾಮರು ಯಜಮಾನರಿಂದ ಓಡಿಹೋಗುವುದೇ ಒಂದು ಮನೋರೋಗ ಎಂದು 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಬರೆದ, ಡ್ರೇಪಟೋಮೇನಿಯಾ ಅಂತ ಹೆಸರನ್ನೂ ಇಟ್ಟ. (ಚಾಟಿ ಹಿಡಿದವನಿಗೆ ಯಾವ ರೋಗವೂ ಇರಲಿಲ್ಲ, ನೋಡಿ.) ಸಲಿಂಗಪ್ರೇಮ ಅಲ್ಲಿನ ಮನೋವೈದ್ಯರ ಸಂಘದ ಪಟ್ಟಿಯಿಂದ ಹೊರಬಿದ್ದದ್ದು 1973ರಲ್ಲಿ, ಅದೂ ಮತ ಹಾಕಿ. ಒಂದೇ ದಿನದಲ್ಲಿ ಲಕ್ಷಾಂತರ ಜನ ಮಾತ್ರೆಯಿಲ್ಲದೆ ಗುಣವಾದರು! ವಿಶ್ವ ಆರೋಗ್ಯ ಸಂಸ್ಥೆಗೆ ಅಷ್ಟು ಮಾಡಲು 1990 ಬೇಕಾಯಿತು.

ನರವೈವಿಧ್ಯ, ಅಂದರೆ ಮಿದುಳುಗಳು ಬಗೆಬಗೆಯಾಗಿರುತ್ತವೆ ಅನ್ನುವ ಮಾತು ಬೆಳೆದದ್ದು 1990ರ ದಶಕದಲ್ಲಿ, ಆಟಿಸಂ ಇರುವವರ ನಡುವೆ. ಅಲ್ಲಿ ಅದು ಚೆನ್ನಾಗಿಯೇ ಕೂರುತ್ತದೆ. ಟ್ಯೂಬ್‌ಲೈಟಿನ ಗುಂಯ್ ಸದ್ದು ತಡೆಯಲಾಗದೆ ಕಿವಿ ಮುಚ್ಚಿಕೊಂಡು ಕೂರುವ ಹುಡುಗನಿಗೆ ಆ ಲೈಟು ಬದಲಿಸಿ ಕೊಟ್ಟರೆ ತರಗತಿಯಲ್ಲಿ ಅವನ ಅರ್ಧ ಕಷ್ಟ ಕಳೆಯುತ್ತದೆ. ನಿಮ್ಮ ತಮ್ಮನ ಆ ನಾಲ್ಕು ರಾತ್ರಿಗಳಿಗೆ ಯಾವ ಲೈಟು ಬದಲಿಸೋಣ ಹೇಳಿ? ಆಟಿಸಂಗೆ ಹೊಲಿದ ಅಂಗಿಯನ್ನು ನಮ್ಮ ಲೇಖನ ಎಲ್ಲರಿಗೂ ತೊಡಿಸಲು ಹೋಯಿತು, ಅದು ಹರಿದದ್ದು ನಿಮ್ಮ ಮನೆಯಲ್ಲಿ.

ಹಾಗಂತ ಅವರು ಬರೀ ರೋಗಿ ಅಂತಲೂ ಅಲ್ಲ, ಅಲ್ವಾ? ಇದು ಕಾಯಿಲೆಯೋ ವೈವಿಧ್ಯವೋ ಅಂತ ಅವರ ಜೊತೆ ವಾದಕ್ಕೆ ಕೂರಬೇಡಿ. ಮನಸ್ಸು ಸಮಾಧಾನವಾಗಿರುವ ದಿನ ನೋಡಿ ಕೂತು, ಎರಡು ರಾತ್ರಿ ನಿದ್ದೆ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಎಟಿಎಂ ಕಾರ್ಡ್ ಯಾರ ಹತ್ತಿರ ಇರಬೇಕು, ಯಾವ ಮದ್ದು ತನಗೆ ಬೇಡವೇ ಬೇಡ, ಇದನ್ನೆಲ್ಲ ಅವರ ಕೈಯಲ್ಲೇ ಬರೆಸಿ. ಬರೆದದ್ದನ್ನು ಡಾಕ್ಟರಿಗೂ ತೋರಿಸಿ.

ಇನ್ನೊಂದು. ಲಿಥಿಯಂನಿಂದ ಕೆಲವರಿಗೆ ಕೈ ನಡುಗುತ್ತದೆ, ಬಾಯಾರಿಕೆ ತಡೆಯಲಾಗುವುದಿಲ್ಲ, ಮೈ ತೂಕ ಏರುತ್ತದೆ. ಡೋಸ್ ಸರಿಪಡಿಸಿದರೆ ಎಷ್ಟೋ ಸಲ ಹಗುರಾಗುತ್ತದೆ. ಸುಮ್ನೆ ನಮ್ಮ ಲೇಖನ ಓದಿಯೇ ಅವರು ಮಾತ್ರೆ ಬೇಡ ಅಂದರು ಅಂತ ನನಗೆ ಅನಿಸುತ್ತಿಲ್ಲ. ಗೆರೆ ಎಳೆದಿದ್ದರು ಅಂದಿರಿ, ಯಾವ ಸಾಲಿಗೆ ಅಂತ ಬರೆಯಲಿಲ್ಲ. ಅದನ್ನು ಅವರನ್ನೇ ಕೇಳಿ, ಆಮೇಲೆ ನನಗೂ ತಿಳಿಸಿ.