ಎಂಜಿಬಿ ಎಡಕ್ಕೆ ಎಳೆಯುತ್ತಿದ್ದರೆ ಮೊದಲು ಪ್ಲೇ ನೋಡಿ
ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದ ಮೇಲೂ ನಿಮ್ಮ ಎಂಜಿಬಿ (ಎಂಜಿ ಕಂಪನಿಯ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಎಡಕ್ಕೇ ಎಳೆಯುತ್ತಿದೆ, ಎಡ ಟೈರಿನ ಒಳ ಅಂಚು ಸವೆಯುತ್ತಿದೆ ಅಂದಿರಲ್ಲ, ಸುಮ್ನೆ ಮತ್ತೆ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ) ತಿರುಗಿಸಬೇಡಿ.

ಮೊದಲು ಪ್ಲೇ, ಅಂದರೆ ಸವೆದ ಭಾಗಗಳ ಸಡಿಲ ಅಲುಗಾಟ, ಇದೆಯಾ ನೋಡಿ. ಕಾರನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಅಲುಗಾಟ ನಿಂತರೆ ಚಕ್ರದ ಬೇರಿಂಗ್ ಸಡಿಲ. ನಿಲ್ಲದಿದ್ದರೆ ಕಿಂಗ್‌ಪಿನ್ (ಚಕ್ರ ಎಡಬಲ ತಿರುಗೋ ಕೀಲಿನ ಪಿನ್) ಅಥವಾ ವಿಶ್‌ಬೋನ್ (ಚಕ್ರವನ್ನು ಹಿಡಿದಿರೋ ಸಸ್ಪೆನ್ಷನ್ ತೋಳು) ಬುಷ್ ಸವೆದಿರುತ್ತದೆ. ಈ ಕಾರಿನಲ್ಲಿ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರೋ ಕೋನ), ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೋ ಮುಂದಕ್ಕೋ ವಾಲಿರೋ ಕೋನ) ಹೊಂದಿಸೋ ವ್ಯವಸ್ಥೆಯೇ ಇಲ್ಲ, ಹಾಗಾಗಿ ಸವೆದದ್ದನ್ನು ಬದಲಿಸಲೇಬೇಕು.

ಟೋ ಆಮೇಲೆ. ಟೋ-ಇನ್ (ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಹತ್ತಿರ ಇರೋದು) 1.5ರಿಂದ 2.3 ಮಿ.ಮೀ. ಇರಲಿ. ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗೋ ಎರಡೂ ಟೈ ರಾಡ್ ಸಮನಾಗಿ ತಿರುಗಿಸಿ. ರಾಡ್ ಮೇಲಿನ ರಬ್ಬರ್ ಬೂಟಿನ (ಹೊದಿಕೆಯ) ಕ್ಲಿಪ್ ಮೊದಲೇ ಸಡಿಲಿಸಿ, ಇಲ್ಲಾಂದ್ರೆ ಬೂಟ್ ತಿರುಚಿಕೊಂಡು ಹರಿಯುತ್ತದೆ.